ಹೊಳೆಗೆ ಹೋಗಿ, ಕಾಲುವೆಗೆ ಬೇಡ

ಯುಗಾದಿಯ ಹೊತ್ತಿಗೆ ಹಾವೇರಿ, ಬ್ಯಾಡಗಿ ಕಡೆಯವರಿಗೆ ನೀರಿನ ಮೇಲೊಂದು ದಿನ ಕಳೆಯುವ ಆಸೆಯಾಗುವುದು ಸಹಜ. ಆದರೆ ತುಂಗಾ ಮೇಲ್ದಂಡೆ ಕಾಲುವೆಗೆ ಮಾತ್ರ ಇಳಿಯಬೇಡಿ. ಅದು ಹೊಲಕ್ಕೆ ನೀರುಣಿಸಲು ಕಟ್ಟಿದ್ದು. ಇಳಿಜಾರಿನ ಸಿಮೆಂಟು ಬದಿಗೆ ಪಾಚಿ ಕಟ್ಟಿದ್ದರೆ ಈಜು ಬಲ್ಲವರಿಗೂ ಮೇಲೆ ಹತ್ತಲು ಹಿಡಿತ ಸಿಗದು.

ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರಕ್ಕೆ ಹೋಗಿ. ಮುಕ್ತೇಶ್ವರ ಗುಡಿಯ ಪಕ್ಕದಲ್ಲೇ ತುಂಗಭದ್ರೆ. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ದೋಣಿ ನಡೆಸಿದ್ದು ಈ ದಡದಲ್ಲೇ ಎಂಬುದು ಇಲ್ಲಿಯವರ ಹೆಮ್ಮೆ. ಈ ದಿನಗಳಲ್ಲಿ ಹೊಳೆ ಇಳಿದು ನಿಧಾನವಾಗಿ ಹರಿಯುತ್ತದೆ. ಹಾಗೆಂದು ಮೈಮರೆಯಬೇಡಿ. ಊರಿನ ಅಂಬಿಗರು ಒಪ್ಪಿದರೆ ಮಾತ್ರ ಹರಿಗೋಲು ಹತ್ತಿ; ಮರಳು ತೆಗೆದ ಗುಂಡಿಗಳು ಎಲ್ಲಿವೆ ಎಂಬುದು ಅವರಿಗೇ ಗೊತ್ತು. ಬಿದಿರು ಹೆಣೆದ ದುಂಡು ಬುಟ್ಟಿ ಅದು. ಮುಂದು-ಹಿಂದು ಎಂಬುದಿಲ್ಲ, ತಿರುಗುತ್ತ ಸಾಗುತ್ತದೆ. ಆ ಸುಖವನ್ನು ಮೋಟಾರು ದೋಣಿ ಕೊಡಲಾರದು. ಸುತ್ತಲೂ ಸಮನಾಗಿ ಕೂರಿ, ಫೋಟೊಗೆಂದು ಎದ್ದು ನಿಲ್ಲಬೇಡಿ. ಮಕ್ಕಳಿಗೆ ಲೈಫ್ ಜಾಕೆಟ್ ಮನೆಯಿಂದಲೇ ತನ್ನಿ.

ಬಿಸಿಲೇರುವ ಮೊದಲು, ಹತ್ತು ಗಂಟೆಯೊಳಗೆ, ದಡ ಸೇರಿ. ನೆರಳಲ್ಲಿ ಕೂತು ಬುತ್ತಿ ಬಿಚ್ಚಿ: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಸಂಜೆ ಗಳಗನಾಥಕ್ಕೆ ಹೊರಡಿ. ವರದಾ ನದಿ ತುಂಗಭದ್ರೆಯನ್ನು ಕೂಡುವುದು ಅಲ್ಲೇ. ಹೊತ್ತು ಮುಳುಗುವವರೆಗೆ ದಡದಲ್ಲಿ ಸುಮ್ಮನೆ ಕುಳಿತರೂ ಸಾಕು.

ತಂದ ಪ್ಲಾಸ್ಟಿಕ್ಕನ್ನು ದಯವಿಟ್ಟು ಮನೆಗೇ ಒಯ್ಯಿರಿ. ಹೊಳೆಸಾಲಿನ ಊರುಗಳು ಕುಡಿಯುವುದು ಇದೇ ನೀರನ್ನು.