ಕರಾರು ಮುಗಿಯುವ ದಿನ, ಕೀಲಿ ಸಿಗದ ಮನೆ

ಪುಣೆಯ ಶಿವಾಜಿನಗರದಲ್ಲಿ ಬಾಡಿಗೆಗಿದ್ದು ವಾಕಡ್‌ನಲ್ಲೋ ರಾವೇತ್‌ನಲ್ಲೋ ಏಳುತ್ತಿರುವ ಕಟ್ಟಡದಲ್ಲಿ ಫ್ಲ್ಯಾಟ್ ಬುಕ್ ಮಾಡುವವರು ಚದರಡಿಗೆ ನೂರು ರೂಪಾಯಿ ಇಳಿಸಲು ವಾರಗಟ್ಟಲೆ ಚೌಕಾಸಿ ಮಾಡುತ್ತಾರೆ. ಕೈ ಸುಡುವ ತೀರ್ಮಾನವನ್ನು ಮಾತ್ರ ಯೋಚಿಸದೆ ತೆಗೆದುಕೊಳ್ಳುತ್ತಾರೆ: ಬಿಲ್ಡರ್ ಹೇಳಿದ ಪೊಸೆಷನ್ (ಮನೆ ಕೈಗೆ ಬರುವ) ತಿಂಗಳಿಗೆ ಹೊಂದುವಂತೆ ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಬರೆಸುವುದು. ಪೊಸೆಷನ್ ಮುಂದಕ್ಕೆ ಹೋಗಬಹುದು, ಕರಾರು ಮುಗಿಯುವ ದಿನ ಹೋಗುವುದಿಲ್ಲ. ಬೆಂಗಳೂರು, ಹುಬ್ಬಳ್ಳಿಯಿಂದ ಹೋದ ನಮ್ಮವರು ಅಲ್ಲಿ ಸಹಿ ಹಾಕುವುದು ಸಾಮಾನ್ಯವಾಗಿ ಲೀವ್ ಅಂಡ್ ಲೈಸೆನ್ಸ್ ಪತ್ರಕ್ಕೆ, ಅಂದರೆ ನಿಗದಿತ ಅವಧಿಗೆ ವಾಸದ ಅನುಮತಿಯನ್ನಷ್ಟೇ ಕೊಡುವ ಕರಾರಿಗೆ; ಹಾಗೆ ವಾಸಿಸುವವರು ಲೈಸೆನ್ಸಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಮಿನ ಪ್ರಕಾರ, ಅವಧಿ ಮುಗಿದ ಮೇಲೂ ಮನೆ ಬಿಡದವರು ಬಾಡಿಗೆಯ ಎರಡರಷ್ಟನ್ನು ನಷ್ಟಪರಿಹಾರವಾಗಿ ಕಟ್ಟಬೇಕು. ಪುಣೆಯ ಮಾಡೆಲ್ ಕಾಲೊನಿಯಂಥ ಕಡೆ ಹಳೆಯ ವಸತಿ ಸೊಸೈಟಿಗಳು ಪುನರಭಿವೃದ್ಧಿಗೆ ಹೋಗುತ್ತಿರುವಾಗ ಈ ಕಲಮಿಗೆ ಇನ್ನಷ್ಟು ತೂಕ ಬಂದಿದೆ. ಕಟ್ಟಡ ಒಡೆಯುವಾಗ ಡೆವಲಪರ್ ಬದಲಿ ಬಾಡಿಗೆ ಕೊಡುವುದು ಫ್ಲ್ಯಾಟಿನ ಮಾಲೀಕರಿಗೆ, ಅದರಲ್ಲಿ ವಾಸವಿದ್ದ ಲೈಸೆನ್ಸಿಗಲ್ಲ.

ಲೆಕ್ಕ ಹಾಕಿಯೇ ನೋಡೋಣ. ಬಾಡಿಗೆ ತಿಂಗಳಿಗೆ 30,000 ರೂಪಾಯಿ, ಠೇವಣಿ ಒಂದು ಲಕ್ಷ ಎಂದುಕೊಳ್ಳಿ. ಗೃಹಸಾಲದಲ್ಲಿ 40 ಲಕ್ಷ ಬಿಡುಗಡೆಯಾಗಿದೆ, ಬಡ್ಡಿ ಶೇ 8.5. ಪೊಸೆಷನ್ ತನಕ ಬಡ್ಡಿಯನ್ನಷ್ಟೇ ಕಟ್ಟುವ ಪ್ರೀ-ಇಎಂಐ ತಿಂಗಳಿಗೆ 28,333 ರೂಪಾಯಿ. ಬಾಡಿಗೆ ಸೇರಿದರೆ 58,333. ಪೊಸೆಷನ್ ಆರು ತಿಂಗಳು ತಡವಾಗಿ, ಕರಾರು ಮುಗಿದ ಮನೆಯಲ್ಲೇ ಕೂತರೆ ಬಾಡಿಗೆಯ ಜಾಗದಲ್ಲಿ 60,000 ಬಂದು, ತಿಂಗಳ ಹೊರೆ 88,333ಕ್ಕೆ ಏರುತ್ತದೆ. ಆರು ತಿಂಗಳಿಗೆ ಹೆಚ್ಚುವರಿ 1,80,000. ಮೊದಲೇ ಎರಡು ವರ್ಷಕ್ಕೆ ಕರಾರು ಬರೆಸಿ ಇದನ್ನು ತಪ್ಪಿಸಲು ಎಷ್ಟು ಖರ್ಚಾಗುತ್ತಿತ್ತು? ಮಹಾರಾಷ್ಟ್ರದಲ್ಲಿ ಇಂಥ ಕರಾರಿನ ಮುದ್ರಾಂಕ ಶುಲ್ಕ ಶೇ 0.25, ಒಟ್ಟು ಬಾಡಿಗೆಗೆ ಠೇವಣಿಯ ಮೇಲೆ ವರ್ಷಕ್ಕೆ ಶೇ 10ರ ಬಡ್ಡಿ ಕೂಡಿಸಿ ಲೆಕ್ಕ. 24 ತಿಂಗಳಿಗಾದರೆ 7,20,000ಕ್ಕೆ 20,000 ಸೇರಿ 7,40,000. ಶುಲ್ಕ 1,850 ರೂಪಾಯಿ. ಹನ್ನೊಂದು ತಿಂಗಳಿಗೆ ಸುಮಾರು 850. ನೋಂದಣಿ ಶುಲ್ಕ ಎರಡಕ್ಕೂ ಒಂದೇ. ವ್ಯತ್ಯಾಸ ಒಂದು ಸಾವಿರ ರೂಪಾಯಿ! ಒಂದು ತಿಂಗಳ ನೋಟಿಸ್ ಕೊಟ್ಟು ಬಾಡಿಗೆದಾರ ಯಾವಾಗ ಬೇಕಾದರೂ ಬಿಡಬಹುದು, ಮಾಲೀಕರು ಅವಧಿಗೆ ಮುನ್ನ ಬಿಡಿಸುವಂತಿಲ್ಲ ಎಂಬ ಸಾಲನ್ನು ಚೌಕಾಸಿ ಮಾಡಿ ಸೇರಿಸಬೇಕು. ಅದಕ್ಕಾಗಿ ಬಾಡಿಗೆ ಎರಡು ಸಾವಿರ ಏರಿದರೂ ಎರಡು ವರ್ಷಕ್ಕೆ 48,000. ಆಗಲೂ ಅದೇ ಲಾಭ.

ಬಾಡಿಗೆ, ಬಡ್ಡಿ ಎರಡರ ಹೊರೆಯನ್ನೂ ತಪ್ಪಿಸುತ್ತೇವೆಂದು ಬಿಲ್ಡರ್ ಕಚೇರಿಯವರು ‘ಪೊಸೆಷನ್ ತನಕ ಇಎಂಐ ಇಲ್ಲ’ ಎಂದು, ಬಡ್ಡಿಯನ್ನು ತಾವೇ ಕಟ್ಟುವ ಯೋಜನೆ ಮುಂದಿಟ್ಟರೆ ಎದ್ದು ಬನ್ನಿ. ಸಾಲ ನಿಮ್ಮ ಹೆಸರಿನಲ್ಲಿ, ಹಣ ಬಿಲ್ಡರ್ ಕೈಯಲ್ಲಿ. ಅವರು ಬಡ್ಡಿ ಕಟ್ಟುವುದು ನಿಲ್ಲಿಸಿದ ದಿನ ಬ್ಯಾಂಕು ಹುಡುಕುವುದು ನಿಮ್ಮನ್ನು. ಕಟ್ಟಡದ ಹಂತಕ್ಕೆ ತಕ್ಕಂತೆಯೇ ಸಾಲ ಬಿಡುಗಡೆಯಾಗಬೇಕೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತು. 2019ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಗೃಹಸಾಲ ಕಂಪನಿಗಳಿಗೆ ಬಿಲ್ಡರ್ ಬಡ್ಡಿ ಕಟ್ಟುವ ಇಂಥ ಯೋಜನೆಗಳಿಂದ ದೂರವಿರಿ ಎಂದಿತು. ಹೆಸರು ಬದಲಿಸಿಕೊಂಡು ಬಂದರೂ ಅದು ಅದೇ ಸಾಲ.

ಪೊಸೆಷನ್ ತಡವಾದರೆ ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಬಡ್ಡಿ ಕೊಡಿಸುತ್ತದಲ್ಲ ಎನ್ನುವವರಿದ್ದಾರೆ. ಅದರ 18ನೇ ಕಲಮು ಕೊಡಿಸುತ್ತದೆ ನಿಜ. ಆದರೆ ಬಿಲ್ಡರ್ ಕಟ್ಟದಿದ್ದರೆ ಕಂದಾಯ ಬಾಕಿಯಂತೆ ಜಿಲ್ಲಾಧಿಕಾರಿಯ ಮೂಲಕ ವಸೂಲಾಗಬೇಕು, ನಿಮ್ಮ ಬಾಡಿಗೆಯಾದರೋ ಈ ತಿಂಗಳೇ ಕೊಡಬೇಕು. ಮನೆ ಬಿಡಿಸಲು ಮಾಲೀಕರು ಮೊರೆಹೋದರೂ ಕೋರ್ಟು ನಿಧಾನ, ಅಲ್ಲಿಯವರೆಗೆ ಇದ್ದುಬಿಡೋಣ ಎಂಬ ಸಲಹೆಯೂ ಓಡಾಡುತ್ತದೆ. ಮನೆ ಬಿಡಿಸುವ ಈ ಪ್ರಕರಣಗಳು ಹೋಗುವುದು ಬಾಡಿಗೆ ಕಾಯ್ದೆಯಡಿಯ ಸಕ್ಷಮ ಪ್ರಾಧಿಕಾರಕ್ಕೆ. ಸಮನ್ಸ್ ಬಂದ 30 ದಿನಗಳೊಳಗೆ ಪ್ರಮಾಣಪತ್ರ ಸಲ್ಲಿಸಿ ಅನುಮತಿ ಪಡೆಯದಿದ್ದರೆ ವಾದಿಸುವ ಹಕ್ಕೇ ಇಲ್ಲ. ನಿಧಾನವಾದಷ್ಟೂ ಇಮ್ಮಡಿ ಬಾಡಿಗೆಯ ತಿಂಗಳುಗಳು ಕೂಡುತ್ತಲೇ ಹೋಗುತ್ತವೆ.

ಗಟ್ಟಿಯಾದ ಆಕ್ಷೇಪ ಇನ್ನೊಂದು: ಮಾಲೀಕರು ಎರಡು ವರ್ಷಕ್ಕೆ ಒಪ್ಪುವುದಿಲ್ಲ. ಅವರ ಭಯಕ್ಕೆ ಇತಿಹಾಸವಿದೆ. ಹಳೆಯ ಬಾಂಬೆ ಬಾಡಿಗೆ ಕಾಯ್ದೆಗೆ ತಂದ ತಿದ್ದುಪಡಿಯಿಂದ 1973ರ ಫೆಬ್ರುವರಿ 1ರಂದು ವಾಸವಿದ್ದ ಲೈಸೆನ್ಸಿಗಳು ಕಾಯಂ ರಕ್ಷಣೆಯ ಬಾಡಿಗೆದಾರರಾಗಿಬಿಟ್ಟರು. ಈಗಿನ ಕಾಯ್ದೆ ಆ ಭಯಕ್ಕೆ ಎಡೆಯಿಟ್ಟಿಲ್ಲ; ಲಿಖಿತ ಕರಾರೇ ಅದರಲ್ಲಿರುವ ಸಂಗತಿಗಳಿಗೆ ನಿರ್ಣಾಯಕ ಸಾಕ್ಷ್ಯ, ಹನ್ನೊಂದು ತಿಂಗಳ ಪತ್ರಕ್ಕೂ 55ನೇ ಕಲಮಿನಂತೆ ನೋಂದಣಿ ಕಡ್ಡಾಯ. ಇಷ್ಟನ್ನು ವಿವರಿಸಿದ ಮೇಲೂ ಮಾಲೀಕರು ಒಲ್ಲೆನೆಂದರೆ ಮಾರುವ ಅಥವಾ ಕಟ್ಟಡ ಒಡೆಯುವ ಯೋಚನೆ ಇರಬಹುದು. ಅದನ್ನು ಬುಕಿಂಗ್‌ಗೆ ಮೊದಲೇ ಕೇಳಿ ತಿಳಿದುಕೊಂಡರೆ, ಬೇರೆ ಮನೆ ಹುಡುಕಲು ಹನ್ನೊಂದು ತಿಂಗಳು ಕೈಯಲ್ಲಿರುತ್ತದೆ.