ಅನ್ನದ ಚೀಟಿಯೂ ಕಾಲೇಜಿನ ಬಾಗಿಲೂ

ಅನ್ನದಾನ ಮೇಲೋ ವಿದ್ಯಾದಾನ ಮೇಲೋ ಎಂಬ ಚರ್ಚೆ ನಮ್ಮಲ್ಲಿ ಬಹು ಹಳೆಯದು. ಶಾಲೆಯ ಚರ್ಚಾಕೂಟಗಳಲ್ಲಿ ಇದನ್ನು ವಿಷಯವಾಗಿ ಇಡುವುದೂ ಉಂಟು. ಆದರೆ ವಿಚಾರಿಸಿ ನೋಡಿದರೆ ಇವೆರಡನ್ನೂ ಎದುರಾಳಿಗಳಂತೆ ನಿಲ್ಲಿಸುವುದೇ ಸರಿಯಲ್ಲವೆಂದು ತೋರುತ್ತದೆ. ಹಿಂದೆ ಕನ್ನಡ ನಾಡಿನಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಬಡ ವಿದ್ಯಾರ್ಥಿಯು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ತನ್ನ ಓದನ್ನು ಮುಂದುವರಿಸುತ್ತಿದ್ದನು. ಆ ಮನೆಯವರು ಬಡಿಸಿದುದು ಅನ್ನವೇ ಆದರೂ ಅದರಿಂದ ಬೆಳೆದುದು ವಿದ್ಯೆ. ಒಂದು ಸರಕಾರವು ಇದೇ ಕೆಲಸವನ್ನು ಕಾನೂನಿನ ಮೂಲಕ ಮಾಡಹೊರಟರೆ ಏನಾಗುತ್ತದೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನುಭವವು ಇದಕ್ಕೆ ಉತ್ತಮ ಪಾಠವಾಗಿದೆ.

ಸಂಪದ್ಭರಿತವಾದ ಆ ದೇಶದಲ್ಲಿಯೂ ಹಸಿವು ಇಲ್ಲದಿಲ್ಲ. 1939ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಸಂಸ್ಥಾನದ ರೋಚೆಸ್ಟರ್ ನಗರದಲ್ಲಿ ಬಡವರಿಗೆ ಆಹಾರ ಚೀಟಿಗಳನ್ನು ಕೊಡುವ ಯೋಜನೆ ಆರಂಭವಾಯಿತು. ಒಂದು ಡಾಲರು ಕೊಟ್ಟು ಕಿತ್ತಳೆ ಬಣ್ಣದ ಚೀಟಿಯನ್ನು ಕೊಂಡವರಿಗೆ ಅರ್ಧ ಡಾಲರಿನ ನೀಲಿ ಚೀಟಿಯು ಉಚಿತವಾಗಿ ದೊರೆಯುತ್ತಿತ್ತು. ರೈತರಲ್ಲಿ ಮಾರಾಟವಾಗದೆ ಮಿಕ್ಕ ಆಹಾರ ಪದಾರ್ಥಗಳನ್ನು ನೀಲಿ ಚೀಟಿಯಿಂದ ಪಡೆಯಬಹುದಾಗಿತ್ತು. 1943ರಲ್ಲಿ ಅದು ನಿಂತಿತು. 1961ರಲ್ಲಿ ಅಧ್ಯಕ್ಷ ಕೆನಡಿಯವರ ಕಾಲದಲ್ಲಿ ಪ್ರಯೋಗರೂಪವಾಗಿ ಮರುಜನ್ಮ ತಾಳಿ, 1964ರಲ್ಲಿ ಅಧ್ಯಕ್ಷ ಜಾನ್ಸನ್ನರ ಅಂಕಿತದಿಂದ ಶಾಶ್ವತವಾದ ಕಾನೂನಾಯಿತು. ಚೀಟಿಯನ್ನು ಹಣ ಕೊಟ್ಟು ಕೊಳ್ಳಬೇಕೆಂಬ ನಿಯಮವನ್ನು 1977ರ ಕಾನೂನು ತೆಗೆದುಹಾಕಿತು. ಕಾಗದದ ಚೀಟಿಯ ಸ್ಥಾನಕ್ಕೆ ಈಗ ಕಾರ್ಡು ಬಂದಿದೆ. 2008ರಿಂದ ಯೋಜನೆಗೆ ಸ್ನ್ಯಾಪ್ ಎಂಬ ಹೆಸರಾಗಿದೆ. 2024ರಲ್ಲಿ ತಿಂಗಳಿಗೆ ಸರಾಸರಿ ನಾಲ್ಕು ಕೋಟಿಗೂ ಮಿಕ್ಕ ಜನರು ಇದರ ನೆರವನ್ನು ಪಡೆದರು.

ಆದರೆ ನೆರವು ಪಡೆಯುವವನು ಎಂದೆಂದಿಗೂ ಅದರ ಆಸರೆಯಲ್ಲಿಯೇ ಇರಬೇಕೆ? ಸ್ವಂತ ಕಾಲಿನ ಮೇಲೆ ನಿಲ್ಲಲು ಅವನಿಗೆ ಕಸಬು ಬೇಕು. ಕಸಬಿಗೆ ಶಿಕ್ಷಣ ಬೇಕು. ಇದನ್ನು ಮನಗಂಡು 1985ರ ಕಾನೂನಿನ ಮೂಲಕ ‘ಉದ್ಯೋಗ ಮತ್ತು ತರಬೇತಿ’ ಎಂಬ ಶಾಖೆಯನ್ನು ಈ ಯೋಜನೆಗೆ ಜೋಡಿಸಲಾಯಿತು. ಕೆಲಸ ಹುಡುಕುವ ಕ್ರಮವನ್ನು ಕಲಿಸುವುದು, ಓದುಬರಹವನ್ನು ಉತ್ತಮಪಡಿಸುವುದು, ಕಸಬಿನ ಶಿಕ್ಷಣ ಕೊಡಿಸುವುದು ಇವೆಲ್ಲ ಇದರಲ್ಲಿ ಸೇರಿವೆ. ತರಬೇತಿಗೆ ಹೋಗಿಬರುವ ಬಸ್ಸಿನ ಖರ್ಚು, ಪುಸ್ತಕ, ಸಮವಸ್ತ್ರ, ಉಪಕರಣ, ಮಗುವನ್ನು ನೋಡಿಕೊಳ್ಳುವವರಿಗೆ ಕೊಡಬೇಕಾದ ಹಣ ಇವುಗಳಿಗೂ ನೆರವುಂಟು. ಇವು ಸಣ್ಣ ಸಂಗತಿಗಳಲ್ಲ. ಶುಲ್ಕವು ಮಾಫಿಯಾದರೂ ಬಸ್ಸಿಗೆ ಹಣವಿಲ್ಲದೆ ಓದು ನಿಲ್ಲಿಸಿದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ವಾಷಿಂಗ್ಟನ್ ಸಂಸ್ಥಾನವು 2005ರಲ್ಲಿ ಸಿಯಾಟಲ್ ನಗರದಲ್ಲಿ ಒಂದು ಸಮುದಾಯ ಕಾಲೇಜನ್ನೂ ಕೆಲವು ಸೇವಾಸಂಸ್ಥೆಗಳನ್ನೂ ಜೊತೆಗೂಡಿಸಿಕೊಂಡು ಈ ಕೆಲಸಕ್ಕೆ ತೊಡಗಿತು. ಸಮುದಾಯ ಕಾಲೇಜೆಂದರೆ ಊರವರಿಗಾಗಿ ಕಡಿಮೆ ಶುಲ್ಕದಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳ ಶಿಕ್ಷಣವನ್ನು ಕೊಡುವ ಸಂಸ್ಥೆ. ಕಾಲೇಜಿನಂಥ ಸಂಸ್ಥೆಯು ತನ್ನ ಹಣದಿಂದ ಮಾಡಿದ ಅರ್ಹ ವೆಚ್ಚದಲ್ಲಿ ಅರ್ಧವನ್ನು ಕೇಂದ್ರ ಸರಕಾರವು ತುಂಬಿಕೊಡುತ್ತದೆ. ಈ ಕ್ರಮವು ಫಲಕಾರಿಯೆಂದು ಕಂಡು, ಮುಂದೆ ಆ ಸಂಸ್ಥಾನದ ಇತರ ಸಮುದಾಯ ಕಾಲೇಜುಗಳಿಗೂ ಹಬ್ಬಿತು.

ಇಲ್ಲಿಯೇ ಒಂದು ತೊಡಕನ್ನು ನಾವು ಗಮನಿಸಬೇಕು. ಕಾಲೇಜಿಗೆ ಹೋಗುವವರನ್ನು ತಂದೆತಾಯಿಗಳು ಸಾಕುತ್ತಾರೆಂಬ ನಂಬಿಕೆಯು ಅಲ್ಲಿನ ಕಾನೂನಿನ ಹಿಂದೆ ಇದೆ. ಆದುದರಿಂದ 18ರಿಂದ 49 ವರ್ಷದೊಳಗಿನ ಕಾಲೇಜು ವಿದ್ಯಾರ್ಥಿಗೆ, ಅವನು ಅರ್ಧಕಾಲಕ್ಕೆ ಕಡಿಮೆಯಿಲ್ಲದಂತೆ ಓದುತ್ತಿದ್ದರೆ, ಸಾಮಾನ್ಯವಾಗಿ ಈ ಆಹಾರದ ನೆರವು ಸಿಗದು. ವಾರಕ್ಕೆ 20 ಗಂಟೆ ಸಂಬಳಕ್ಕೆ ದುಡಿಯುವವನು, ಆರು ವರ್ಷದೊಳಗಿನ ಮಗುವನ್ನು ಸಾಕುವವನು, ಉದ್ಯೋಗ ತರಬೇತಿ ಯೋಜನೆಯ ಮೂಲಕವೇ ಕಾಲೇಜಿಗೆ ಸೇರಿದವನು ಮುಂತಾದವರಿಗೆ ವಿನಾಯಿತಿಯುಂಟು.

ಇದರ ಅರ್ಥವನ್ನು ಲೆಕ್ಕ ಮಾಡಿ ನೋಡೋಣ. ವಾರಕ್ಕೆ 12 ಗಂಟೆಯ ಪಾಠ. ಒಂದು ಗಂಟೆಯ ಪಾಠಕ್ಕೆ ಎರಡು ಗಂಟೆಯ ಓದು ಬೇಕೆಂಬುದು ಅಲ್ಲಿನ ರೂಢಿಯ ಎಣಿಕೆ. ಹೀಗೆ 36 ಗಂಟೆಗಳಾದವು. ಇದಕ್ಕೆ 20 ಗಂಟೆಯ ದುಡಿಮೆಯನ್ನು ಕೂಡಿಸಿದರೆ 56 ಗಂಟೆಗಳು. ಒಂದೇ ಬೆಂಚಿನ ಮೇಲೆ, ಒಂದೇ ಪಾಠವನ್ನು ಕೇಳುತ್ತಿರುವ ಇಬ್ಬರು ಬಡ ವಿದ್ಯಾರ್ಥಿಗಳಲ್ಲಿ ತರಬೇತಿ ಯೋಜನೆಯ ಮೂಲಕ ಬಂದವನಿಗೆ ಅನ್ನ ಸಿಗುತ್ತದೆ. ತಾನಾಗಿಯೇ ಸೇರಿದವನು ಬೇರೆ ವಿನಾಯಿತಿಯಿಲ್ಲದಿದ್ದರೆ ದುಡಿದು ದಣಿದು ಬಂದು ಕೂರಬೇಕು, ಇಲ್ಲವೆ ಹಸಿದು ಕೂರಬೇಕು. ಕೆಲವು ಸಂಸ್ಥಾನಗಳು ಉದ್ಯೋಗಕ್ಕೆ ನೆರವಾಗುವ ಕಾಲೇಜು ಶಿಕ್ಷಣವನ್ನು ತರಬೇತಿಗೆ ಸಮಾನವೆಂದು ಪರಿಗಣಿಸಿ ಈ ಭೇದವನ್ನು ತಗ್ಗಿಸಿವೆ.

ಮತ್ತೊಂದು ಸಂಗತಿ ಇನ್ನೂ ಶೋಚನೀಯವಾದುದು. ಆ ದೇಶದ ಸರಕಾರಿ ಲೆಕ್ಕಪರಿಶೋಧನಾ ಕಚೇರಿಯು 2018ರ ಕೊನೆಯಲ್ಲಿ ಸಿದ್ಧಪಡಿಸಿದ ವರದಿಯ ಪ್ರಕಾರ, 2016ರಲ್ಲಿ ನೆರವಿಗೆ ಅರ್ಹರಾಗಿರಬಹುದಾದ ಸುಮಾರು 33 ಲಕ್ಷ ಬಡ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದನ್ನು ಪಡೆದಿರಲಿಲ್ಲ. ನಿಯಮಗಳು ಜಟಿಲವಾಗಿದ್ದು ವಿದ್ಯಾರ್ಥಿಗಳಿಗೂ ಕಾಲೇಜಿನವರಿಗೂ ಸರಿಯಾಗಿ ತಿಳಿಯದಿದ್ದುದು ಇದಕ್ಕೆ ಒಂದು ಕಾರಣ. ಬಾಗಿಲು ತೆರೆದಿದ್ದರೂ ಅದು ಎಲ್ಲಿದೆಯೆಂದು ಹೇಳುವವರಿರಲಿಲ್ಲ!

ದುಡಿಯುತ್ತ ಓದುವ ಕಷ್ಟವು ಮುಂಬಯಿಯ ಕನ್ನಡಿಗರಾದ ನಮಗೆ ಅಪರಿಚಿತವಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಸಾಹಸವನ್ನು ನಾವು ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಆದರೆ ನಿದ್ದೆಯ ಭಾರಕ್ಕೆ ಸೋತು ನಡುವೆಯೇ ಪುಸ್ತಕ ಮುಚ್ಚಿದವರನ್ನು ಯಾರೂ ಎಣಿಸಿಲ್ಲ. ಎಲ್ಲರಿಂದಲೂ ಸಾಹಸವನ್ನೇ ಬೇಡುವ ವ್ಯವಸ್ಥೆಯು ಒಳ್ಳೆಯ ವ್ಯವಸ್ಥೆಯಲ್ಲ.

ವಿದ್ಯಾರ್ಥಿ ಬಂಧುಗಳೇ, ಇದರಿಂದ ನಾವು ಗ್ರಹಿಸಬೇಕಾದುದು ಎರಡು ಮಾತು. ನಿಮಗೆ ಸಲ್ಲಬೇಕಾದ ವಿದ್ಯಾರ್ಥಿವೇತನವಾಗಲಿ ವಸತಿಗೃಹದ ಸೌಕರ್ಯವಾಗಲಿ ಇದ್ದರೆ ಸಂಕೋಚವಿಲ್ಲದೆ ಕೇಳಿ ತಿಳಿಯಿರಿ. ತಿಳಿದುದನ್ನು ಗೆಳೆಯರಿಗೂ ತಿಳಿಸಿರಿ. ಮುಂದೆ ನೀವು ದೊಡ್ಡವರಾಗಿ ಪರರಿಗೆ ನೆರವಾಗುವ ಸ್ಥಾನಕ್ಕೆ ಬಂದಾಗ, ಓದುವ ಹುಡುಗನು ಶುಲ್ಕ ಕಟ್ಟಿದನೇ ಎಂಬುದರೊಡನೆ ಅವನು ಉಂಡನೇ ಎಂಬುದನ್ನೂ ವಿಚಾರಿಸಿರಿ.