ಅಮೃತಾಪುರವನ್ನು ನಡೆದು ನೋಡಲು ಏಳು ಸೂತ್ರಗಳು

ಮ್ಯೂಸಿಯಂ ಎಂದ ಕೂಡಲೇ ನಮಗೆ ಮಂಗಳೂರಿನ ಬಿಜೈಯ ಶ್ರೀಮಂತಿ ಬಾಯಿ ಸಂಗ್ರಹಾಲಯವೋ ಮೈಸೂರಿನ ಯಾವುದಾದರೊಂದೋ ನೆನಪಾಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಮಕ್ಕಳನ್ನು ಅಷ್ಟು ದೂರ ಕರೆದೊಯ್ಯುವ ಮೊದಲು ತರೀಕೆರೆ ಪಕ್ಕದ ಅಮೃತಾಪುರಕ್ಕೆ ಕರೆದೊಯ್ಯಿರಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಆತುರದಲ್ಲಿ ಸುತ್ತಿದರೆ ಅರ್ಧ ಗಂಟೆಗೆ ಮುಗಿಯುತ್ತದೆ, ಓದುತ್ತ ನಡೆದರೆ ಅರ್ಧ ದಿನವೂ ಸಾಲದು.

1. ದಿನಕ್ಕೆ ಒಂದೇ ಗುಡಿ. ಬೇಲೂರು, ಹಳೇಬೀಡು, ಬೆಳವಾಡಿ ಮುಗಿಸಿ ಸಂಜೆ ಅಮೃತಾಪುರಕ್ಕೆ ಬಂದವರ ಕಣ್ಣು ಅಷ್ಟರಲ್ಲೇ ದಣಿದಿರುತ್ತದೆ. ಬೀರೂರು–ಶಿವಮೊಗ್ಗ ರೈಲಿನಲ್ಲಿ ತರೀಕೆರೆಗೆ ಬನ್ನಿ, ಬೆಳಗ್ಗೆಯೇ ತಲುಪಿ.

2. ಒಳಗೆ ನುಗ್ಗಬೇಡಿ. ಮೊದಲು ಪ್ರಾಕಾರದ ಗೋಡೆ ನೋಡಿ. ಸಮ ಅಂತರದಲ್ಲಿ ದುಂಡನೆಯ ಕೆತ್ತನೆಗಳಿರುವ ಈ ಗೋಡೆ ಹೊಯ್ಸಳರ ಕಾಲದ್ದೇ.

3. ರಾಮಾಯಣವನ್ನು ಸರಿಯಾದ ತುದಿಯಿಂದ ಹಿಡಿಯಿರಿ. ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ತೆರೆದ ಮಂಟಪದ ಹೊರಗಿನ ಕೆಳಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣಕ್ಕೆ ರಾಮಾಯಣದ 70. ಉತ್ತರಕ್ಕೆ ಕೃಷ್ಣನ ಕಥೆಯ 25, ಮಹಾಭಾರತದ 45. ಉತ್ತರದ ಕಥೆಗಳು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ. ದಕ್ಷಿಣದ ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ ಹರಿಯುತ್ತದೆ. ಹೊಯ್ಸಳ ಗುಡಿಗಳಲ್ಲಿ ಇದು ಅಪರೂಪ. ಗೊತ್ತಿಲ್ಲದೆ ಬಲಕ್ಕೆ ಸುತ್ತುತ್ತ ಹೋದವರಿಗೆ ಕಥೆ ಕೊನೆಯಿಂದ ಮೊದಲಿಗೆ ಬರುತ್ತದೆ, ಯಾವುದು ಏನೆಂದು ತಿಳಿಯದೆ ಕೈಬಿಡುತ್ತಾರೆ. ಆದ್ದರಿಂದ ದಕ್ಷಿಣದಲ್ಲಿ ಸೀದಾ ಆಚೆ ತುದಿಗೆ ನಡೆದು, ಅಲ್ಲಿಂದ ಹಿಂತಿರುಗುತ್ತ ಓದಿ. ಬೇರೆ ಗುಡಿಗಳ ಕಿರುಪಟ್ಟಿಕೆಗಳಿಗಿಂತ ಇಲ್ಲಿನ ಫಲಕಗಳು ದೊಡ್ಡವು. ಮಕ್ಕಳೂ ಬಿಲ್ಲು, ಬಾಲ, ರಥ ಗುರುತಿಸಿ ಕಥೆ ಹೇಳಬಲ್ಲರು. ಅವರೇ ಹೇಳಲಿ, ನೀವು ಸುಮ್ಮನೆ ಕೇಳಿ.

4. ಮಂಟಪದಲ್ಲಿ ಕೂತು ಕತ್ತೆತ್ತಿ. ತಿರುಗಣಿ ಕಂಬಗಳು ಎಂಟು ಶತಮಾನ ಕಳೆದರೂ ಮಿರುಗುತ್ತವೆ. ಪಕ್ಕಕ್ಕೆ ಬಾಗಿ ನೋಡಿದರೆ ಕಂಬದ ದುಂಡು ಮೈಮೇಲೆ ಅಂಗಳದ ಬೆಳಕು ಉದ್ದನೆ ಗೆರೆಯಾಗಿ ಇಳಿದಿರುತ್ತದೆ. ಮೇಲೆ ಆಳವಾದ ಗುಮ್ಮಟದಂಥ ಭುವನೇಶ್ವರಿಗಳು, ಒಂದೊಂದರಲ್ಲೂ ಹೂವಿನ ಕೆತ್ತನೆ. ರೂವಾರಿ ಮಲ್ಲಿತಮ್ಮ ತನ್ನ ಕಸುಬು ಶುರು ಮಾಡಿದ್ದು ಇವುಗಳಲ್ಲೇ. ಮುಂದೆ 1268ರ ಸೋಮನಾಥಪುರದ ಮೂರ್ತಿಗಳ ಕೆಳಗೂ ಅದೇ ಹೆಸರಿದೆ. ಆ ಗುಡಿ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಮೃತಾಪುರಕ್ಕೆ ಬರುವವರು ಇನ್ನೂ ಕಡಿಮೆ, ನನಗೆ ಅದೊಂದು ಕೊರಗು.

5. ಶಾಸನದ ಮುಂದೆ ನಿಲ್ಲಿ. ಅಲ್ಲಿನ ದೊಡ್ಡ ಕಲ್ಲಿನ ಮೇಲಿರುವುದು ಕವಿಚಕ್ರವರ್ತಿ ಜನ್ನನ ಪದ್ಯ, ಕಾಲ 1197. ‘ಯಶೋಧರ ಚರಿತೆ’ ಬಂದದ್ದು 1209ರಲ್ಲಿ, ಅಂದರೆ ಅದಕ್ಕೂ ಹನ್ನೆರಡು ವರ್ಷ ಮೊದಲಿನ ಜನ್ನ ಇಲ್ಲಿದ್ದಾನೆ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಕಡೂರು ಜಿಲ್ಲೆಯ ಸಂಪುಟದಲ್ಲಿ ತರೀಕೆರೆಯ 45ನೇ ಶಾಸನ ತೆಗೆದು ಪಾಠದ ಪ್ರತಿ ಒಯ್ಯಿರಿ (ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು). ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಸೀಮೆಸುಣ್ಣ, ಎಣ್ಣೆ, ಅರಿಶಿನ ಬಳಿಯಲೇಬೇಡಿ. ಬಳಪದ ಕಲ್ಲು ಮೃದು.

6. ಪೂಜೆಯ ಹೊತ್ತನ್ನು ಗೌರವಿಸಿ. ಇದು ದೇವರಿರುವ ಗುಡಿ. ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತುವ ಮೊದಲು ಅರ್ಚಕರನ್ನು ಕೇಳಿ.

7. ಮುಂದಿನ ವಾರ ಇನ್ನೊಂದು ಊರು. ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಮಲ್ಲಿಕಾರ್ಜುನ, ಭದ್ರೆಯ ದಡದ ಸೋಂಪುರದ ಸೋಮೇಶ್ವರ, ಗಂಗರ ಆಸಂದಿ, ಇವನ್ನೆಲ್ಲ ಸರದಿಯಲ್ಲಿಡಿ. ಕಡೂರಿನಲ್ಲೇ 971ರ ಶಾಸನವೊಂದಿದೆ; ಗಂಗರ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತು ಮೂವತ್ತು ವರ್ಷ ಜೈನ ತಪಸ್ಸು ಮಾಡಿದ್ದನ್ನು ಅದು ಹೇಳುತ್ತದೆ. ಊರಿಗೆ ಹೋದಾಗ ಕಟ್ಟೆಯ ಮೇಲಿನ ಹಿರಿಯರನ್ನು ‘ವೀರಗಲ್ಲು ಎಲ್ಲಿದೆ ಯಜಮಾನ್ರೇ’ ಎಂದು ಕೇಳಿ. ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಇರುವ ಕಲ್ಲಿನ ತನಕ ಅವರೇ ನಡೆದು ಬರುತ್ತಾರೆ.